ಶರಣಾಗತಿಯ ನಂತರ: ಮಲೆನಾಡಿನಲ್ಲಿ ಪುನರ್ವಸತಿಯ ಹಾದಿ

2025ರ ಜನವರಿ 8ರಂದು ಬೆಂಗಳೂರಿನಲ್ಲಿ ಮುಖ್ಯಮಂತ್ರಿಗಳ ಗೃಹ ಕಚೇರಿ ಕೃಷ್ಣಾದಲ್ಲಿ ಆರು ಮಂದಿ ಮಾವೋವಾದಿಗಳು ಮುಖ್ಯಮಂತ್ರಿ ಸಿದ್ದರಾಮಯ್ಯನವರ ಸಮ್ಮುಖದಲ್ಲಿ ಶರಣಾದರು. ಅವರಲ್ಲಿ ನಾಲ್ವರು ಮಹಿಳೆಯರು. ನಾಲ್ವರು ಕರ್ನಾಟಕದವರು, ಒಬ್ಬರು ತಮಿಳುನಾಡಿನವರು, ಇನ್ನೊಬ್ಬರು ಕೇರಳದವರು. ಕೆಲವರು ಎರಡು ದಶಕಗಳಿಗೂ ಹೆಚ್ಚು ಕಾಲ ಭೂಗತರಾಗಿದ್ದವರು. ಅದೇ ವರ್ಷ ಫೆಬ್ರುವರಿ 1ರಂದು ಚಿಕ್ಕಮಗಳೂರಿನಲ್ಲಿ ಒಬ್ಬರು, ಮರುದಿನ ಉಡುಪಿಯಲ್ಲಿ ಇನ್ನೊಬ್ಬರು ಶರಣಾದರು. ಇದರೊಂದಿಗೆ ರಾಜ್ಯವು ನಕ್ಸಲ್ ಮುಕ್ತವಾಗಿದೆ ಎಂದು ಸರ್ಕಾರ ಘೋಷಿಸಿತು.

ಈ ಘೋಷಣೆಗೆ ಮಹತ್ವವಿದೆ. ಒಂದು ಕಾಲದಲ್ಲಿ ಸಂಜೆಯಾದೊಡನೆ ಬಾಗಿಲು ಹಾಕಿಕೊಳ್ಳುತ್ತಿದ್ದ ಶೃಂಗೇರಿ, ಕೊಪ್ಪ, ಮೂಡಿಗೆರೆ, ಕಾರ್ಕಳ, ಹೆಬ್ರಿ, ಬೆಳ್ತಂಗಡಿ ಭಾಗದ ಕಾಡಂಚಿನ ಗ್ರಾಮಗಳಿಗೆ ಇದರ ಅರ್ಥವನ್ನು ಯಾರೂ ವಿವರಿಸಬೇಕಾಗಿಲ್ಲ. ಆದರೆ ಶರಣಾಗತಿ ಒಂದು ದಿನದ ಕಾರ್ಯಕ್ರಮ. ಪುನರ್ವಸತಿಯು ಹಲವು ಇಲಾಖೆಗಳ, ಹಲವು ನ್ಯಾಯಾಲಯಗಳ, ಹಲವು ವರ್ಷಗಳ ಕಡತ. ಮೊದಲನೆಯದಕ್ಕೆ ದೊರೆತ ಗಮನವು ಎರಡನೆಯದಕ್ಕೆ ದೊರೆಯುವುದು ವಿರಳ.

ಹಿನ್ನೆಲೆ

ಮಲೆನಾಡಿನಲ್ಲಿ ಸಶಸ್ತ್ರ ತಂಡದ ಇರುವಿಕೆ ಬೆಳಕಿಗೆ ಬಂದದ್ದು 2002ರಲ್ಲಿ. ಶೃಂಗೇರಿ ಸಮೀಪದ ಮೆಣಸಿನಹಾಡ್ಯದಲ್ಲಿ ಆಕಸ್ಮಿಕವಾಗಿ ಹಾರಿದ ಗುಂಡಿನಿಂದ ಗ್ರಾಮದ ಮಹಿಳೆಯೊಬ್ಬರು ಗಾಯಗೊಂಡರು. 2003ರ ನವೆಂಬರ್‌ನಲ್ಲಿ ಕಾರ್ಕಳ ಸಮೀಪದ ಈದುವಿನಲ್ಲಿ ಇಬ್ಬರು ಯುವತಿಯರು ಪೊಲೀಸರ ಗುಂಡಿಗೆ ಬಲಿಯಾದರು. 2005ರ ಫೆಬ್ರುವರಿ 6ರಂದು, ಕರ್ನಾಟಕದ ಇತಿಹಾಸ ಕುರಿತು ಗ್ರಂಥ ರಚಿಸಿದ್ದ ಸಾಕೇತ್ ರಾಜನ್ ಚಿಕ್ಕಮಗಳೂರು ಜಿಲ್ಲೆಯಲ್ಲಿ ನಡೆದ ಎನ್‌ಕೌಂಟರ್‌ನಲ್ಲಿ ಹತರಾದರು. ಕೆಲವೇ ದಿನಗಳಲ್ಲಿ ತುಮಕೂರು ಜಿಲ್ಲೆಯ ಪಾವಗಡ ತಾಲ್ಲೂಕಿನ ವೆಂಕಟಮ್ಮನಹಳ್ಳಿಯಲ್ಲಿ ಮೀಸಲು ಪೊಲೀಸರು ತಂಗಿದ್ದ ಶಿಬಿರದ ಮೇಲೆ ದಾಳಿ ನಡೆದು ಪೊಲೀಸ್ ಸಿಬ್ಬಂದಿ ಪ್ರಾಣ ಕಳೆದುಕೊಂಡರು. ನಂತರದ ವರ್ಷಗಳಲ್ಲಿ ಕಾರ್ಕಳವನ್ನು ಕೇಂದ್ರವಾಗಿಸಿಕೊಂಡು ನಕ್ಸಲ್ ನಿಗ್ರಹ ಪಡೆ ಕಾರ್ಯನಿರ್ವಹಿಸಿತು. 2007ರ ಜುಲೈನಲ್ಲಿ ಮೆಣಸಿನಹಾಡ್ಯದಲ್ಲಿಯೇ ನಡೆದ ಗುಂಡಿನ ಕಾಳಗದಲ್ಲಿ ಐವರು ಮೃತಪಟ್ಟರು. ಅವರಲ್ಲಿ ಸ್ಥಳೀಯ ಗಿರಿಜನರೂ ಇದ್ದರು.

ಚಳವಳಿಯು ಈ ಭಾಗದಲ್ಲಿಯೇ ನೆಲೆಯೂರಲು ಯತ್ನಿಸಿದ್ದೇಕೆ ಎಂಬ ಪ್ರಶ್ನೆಗೆ ಉತ್ತರವನ್ನು ಬಹುಪಾಲು ಕುದುರೆಮುಖದಲ್ಲಿ ಹುಡುಕಬೇಕಾಗುತ್ತದೆ. ಕುದುರೆಮುಖ ರಾಷ್ಟ್ರೀಯ ಉದ್ಯಾನಕ್ಕೆ 1987ರಲ್ಲಿ ಪ್ರಾರಂಭಿಕ ಅಧಿಸೂಚನೆಯೂ 2001ರಲ್ಲಿ ಅಂತಿಮ ಅಧಿಸೂಚನೆಯೂ ಹೊರಟವು. ಸುಮಾರು 600 ಚದರ ಕಿಲೋಮೀಟರ್ ವಿಸ್ತಾರದ ಈ ಉದ್ಯಾನದ ಒಳಗೂ ಅಂಚಿನಲ್ಲೂ ಮಲೆಕುಡಿಯ, ಗೌಡಲು, ಹಸಲರು ಮೊದಲಾದ ಸಮುದಾಯಗಳು ತಲೆತಲಾಂತರದಿಂದ ಬದುಕಿದ್ದವು. ಅದೇ ಅರಣ್ಯದ ನಡುವೆ ದಶಕಗಳ ಕಾಲ ಕಬ್ಬಿಣದ ಅದಿರಿನ ಗಣಿಗಾರಿಕೆ ನಡೆದಿತ್ತು. ಸರ್ವೋಚ್ಚ ನ್ಯಾಯಾಲಯದ 2002ರ ಆದೇಶದಂತೆ ಅದು 2005ರ ಅಂತ್ಯಕ್ಕೆ ನಿಂತಿತು. ಗಣಿಗಾರಿಕೆಗೆ ಕಾಲಾವಕಾಶ ನೀಡಲಾಗಿದ್ದ ಆ ವರ್ಷಗಳಲ್ಲಿಯೇ, ಗದ್ದೆ, ಅಡಿಕೆ ಗಿಡ, ಬಿದಿರಿನ ತಟ್ಟಿ ಇಷ್ಟನ್ನೇ ಹೊಂದಿದ್ದ ಕುಟುಂಬಗಳಿಗೆ ಒಕ್ಕಲೆಬ್ಬಿಸುವ ಭೀತಿ ಎದುರಾಗಿತ್ತು. ಈ ಅಸಮಾನತೆಯನ್ನು ಗ್ರಾಮಸ್ಥರಿಗೆ ಹೊರಗಿನಿಂದ ಬಂದವರು ಕಲಿಸಿಕೊಡಬೇಕಾಗಿರಲಿಲ್ಲ. ಹೊರಗಿನಿಂದ ಬಂದವರು ತಂದದ್ದು ಬಂದೂಕನ್ನು.

ಬಂದೂಕು ಬಂದ ಮೇಲೆ ಆದ ನಷ್ಟವನ್ನು ಭರಿಸಿದವರೂ ಅದೇ ಗ್ರಾಮಸ್ಥರೇ. 2008ರ ಮೇ ತಿಂಗಳಿನಲ್ಲಿ ಹೆಬ್ರಿ ಸಮೀಪದ ಸೀತಾನದಿಯಲ್ಲಿ ಇಬ್ಬರನ್ನು ಪೊಲೀಸ್ ಮಾಹಿತಿದಾರರೆಂಬ ಆರೋಪ ಹೊರಿಸಿ ಕೊಲ್ಲಲಾಯಿತು; ಅವರಲ್ಲೊಬ್ಬರು ಶಾಲಾ ಶಿಕ್ಷಕರು. 2011ರ ಡಿಸೆಂಬರ್‌ನಲ್ಲಿ ಕಬ್ಬಿನಾಲೆಯಲ್ಲಿ ಇನ್ನೊಬ್ಬರು ಇದೇ ಆರೋಪಕ್ಕೆ ಬಲಿಯಾದರು. ಅದೇ ಕಬ್ಬಿನಾಲೆ ಗ್ರಾಮದ ಪೀತಬೈಲಿನಲ್ಲಿ 2024ರ ನವೆಂಬರ್ 18ರ ರಾತ್ರಿ ವಿಕ್ರಂ ಗೌಡ ಪೊಲೀಸರ ಗುಂಡಿಗೆ ಬಲಿಯಾದರು. ಅವರೂ ಇದೇ ಹೆಬ್ರಿ ಭಾಗದ, ಮಲೆಕುಡಿಯ ಸಮುದಾಯದ ವ್ಯಕ್ತಿ. ಕೊಂದವರೆಂದು ಆರೋಪಿಸಲಾದವರೂ ಕೊಲೆಗೀಡಾದವರೂ ಒಂದೇ ಸಂತೆಗೆ ಬರುತ್ತಿದ್ದ ಜನ ಎಂಬುದನ್ನು ಮರೆತು ಪುನರ್ವಸತಿಯ ಬಗ್ಗೆ ಮಾತನಾಡಲಾಗದು.

ಪುನರ್ವಸತಿ ನೀತಿ

ಸಶಸ್ತ್ರ ಹೋರಾಟವನ್ನು ತ್ಯಜಿಸುವವರಿಗೆ ಮುಖ್ಯವಾಹಿನಿಗೆ ಮರಳುವ ದಾರಿಯೊಂದು ಇರಬೇಕೆಂಬ ಚಿಂತನೆ ರಾಜ್ಯದಲ್ಲಿ ಹೊಸದಲ್ಲ. ಸ್ವಾತಂತ್ರ್ಯ ಹೋರಾಟಗಾರ ಎಚ್.ಎಸ್. ದೊರೆಸ್ವಾಮಿ, ಎ.ಕೆ. ಸುಬ್ಬಯ್ಯ, ಪತ್ರಕರ್ತೆ ಗೌರಿ ಲಂಕೇಶ್ ಮೊದಲಾದವರು ಶಾಂತಿಗಾಗಿ ನಾಗರಿಕರ ವೇದಿಕೆಯ ಮೂಲಕ ಮಧ್ಯಸ್ಥಿಕೆ ವಹಿಸಿದ್ದರು. 2014ರ ಡಿಸೆಂಬರ್‌ನಲ್ಲಿ ಸಿರಿಮನೆ ನಾಗರಾಜ್ ಮತ್ತು ನೂರ್ ಶ್ರೀಧರ್ ಚಿಕ್ಕಮಗಳೂರಿನಲ್ಲಿ ಜಿಲ್ಲಾಡಳಿತದ ಮುಂದೆ ಹಾಜರಾದದ್ದು ಈ ಪ್ರಯತ್ನದ ಫಲ. ತಾವು ಬಿಟ್ಟದ್ದು ಬಂದೂಕನ್ನೇ ಹೊರತು ಬೇಡಿಕೆಗಳನ್ನಲ್ಲ ಎಂಬ ನಿಲುವಿನಿಂದ ಅವರಿಬ್ಬರೂ ಆ ಬಳಿಕ ಭೂಮಿ ಮತ್ತು ವಸತಿ ಹಕ್ಕಿನ ಬಹಿರಂಗ ಚಳವಳಿಗಳಲ್ಲಿ ತೊಡಗಿಕೊಂಡರು. ಆಡಳಿತಕ್ಕೆ ಇದು ಕೆಲವೊಮ್ಮೆ ಕಿರಿಕಿರಿಯನ್ನುಂಟುಮಾಡಿರಬಹುದು. ಆದರೂ ಕಾಡಿನಲ್ಲಿ ಅಡಗಿರುವುದಕ್ಕಿಂತ ಜಿಲ್ಲಾಧಿಕಾರಿ ಕಚೇರಿಯ ಮುಂದೆ ಧರಣಿ ಕೂರುವುದು ಪ್ರಜಾಪ್ರಭುತ್ವಕ್ಕೆ ಸಂದ ಗೆಲುವೇ ಸರಿ.

2025ರ ಶರಣಾಗತಿಗೂ ಇಂತಹ ಮಧ್ಯಸ್ಥಿಕೆಯೇ ಕಾರಣವಾಯಿತು. ಬಂಜಗೆರೆ ಜಯಪ್ರಕಾಶ್, ಕೆ.ಪಿ. ಶ್ರೀಪಾಲ್ ಹಾಗೂ ಪಾರ್ವತೀಶ ಬಿಳಿದಾಳೆ ಅವರನ್ನೊಳಗೊಂಡ ನಕ್ಸಲ್ ಶರಣಾಗತಿ ಮತ್ತು ಪುನರ್ವಸತಿ ಸಮಿತಿಯನ್ನು ಸರ್ಕಾರ ರಚಿಸಿತ್ತು. ನೀತಿಯನ್ವಯ ಶರಣಾಗುವವರನ್ನು ಮೂರು ವರ್ಗಗಳಾಗಿ ವಿಂಗಡಿಸಲಾಗಿದ್ದು, ರಾಜ್ಯದ ಸಕ್ರಿಯ ಸದಸ್ಯರನ್ನೊಳಗೊಂಡ ಎ ವರ್ಗಕ್ಕೆ 7.50 ಲಕ್ಷ ರೂ., ಹೊರ ರಾಜ್ಯದವರನ್ನೊಳಗೊಂಡ ಬಿ ವರ್ಗಕ್ಕೆ 4 ಲಕ್ಷ ರೂ., ಲಘು ಆರೋಪವುಳ್ಳ ಸಿ ವರ್ಗಕ್ಕೆ 2 ಲಕ್ಷ ರೂ. ನೆರವನ್ನು ಹಂತ ಹಂತವಾಗಿ ನೀಡಲು ಅವಕಾಶವಿದೆ. ಕೇಂದ್ರ ಸರ್ಕಾರದ ಮಾರ್ಗಸೂಚಿಯಲ್ಲಿ ಉನ್ನತ ಶ್ರೇಣಿಯವರಿಗೆ 5 ಲಕ್ಷ ರೂ., ಇತರರಿಗೆ 2.50 ಲಕ್ಷ ರೂ. ಮತ್ತು ವೃತ್ತಿ ತರಬೇತಿಯ ಅವಧಿಯಲ್ಲಿ ಮೂರು ವರ್ಷಗಳವರೆಗೆ ಮಾಸಿಕ 10,000 ರೂ. ಭತ್ಯೆ ನಿಗದಿಯಾಗಿದೆ. ಶಸ್ತ್ರಾಸ್ತ್ರ ಒಪ್ಪಿಸಿದವರಿಗೆ ಪ್ರತ್ಯೇಕ ಪ್ರೋತ್ಸಾಹಧನವಿದೆ.

ಶರಣಾಗತಿಯೆಂದರೆ ಕ್ಷಮಾದಾನವೆಂದು ಸಾರ್ವಜನಿಕರಲ್ಲಿ ಹಲವರು ಭಾವಿಸಿರುವುದುಂಟು. ಅದು ಸರಿಯಲ್ಲ. ಶರಣಾದವರ ಮೇಲಿನ ಪ್ರಕರಣಗಳು ಹಾಗೆಯೇ ಉಳಿಯುತ್ತವೆ. 2025ರ ಜನವರಿಯಲ್ಲಿ ಶರಣಾದವರನ್ನೂ ನ್ಯಾಯಾಲಯಕ್ಕೆ ಹಾಜರುಪಡಿಸಿ ನ್ಯಾಯಾಂಗ ಬಂಧನಕ್ಕೆ ಒಪ್ಪಿಸಲಾಯಿತು.

ಪ್ರಕರಣಗಳ ವಿಲೇವಾರಿ

ಪುನರ್ವಸತಿಯ ನಿಜವಾದ ತೊಡಕು ಇಲ್ಲಿದೆ. ಎರಡು ದಶಕ ಭೂಗತರಾಗಿದ್ದ ವ್ಯಕ್ತಿಯ ಮೇಲೆ ಒಂದೆರಡಲ್ಲ, ಹತ್ತಾರು ಪ್ರಕರಣಗಳು ದಾಖಲಾಗಿರುತ್ತವೆ: ಕರಪತ್ರ ಹಂಚಿದ್ದು, ಮನೆಗೆ ಬಂದು ಅಕ್ಕಿ ಕೇಳಿದ್ದು, ಬಸ್ಸಿಗೆ ಬೆಂಕಿ ಹಚ್ಚಿದ್ದು, ಗುಂಡಿನ ಚಕಮಕಿ, ಕೊಲೆ. ಒಂದು ಘಟನೆಯಲ್ಲಿ ತಂಡದ ಪ್ರತಿಯೊಬ್ಬರ ಹೆಸರೂ ಸೇರಿಕೊಂಡಿರುವುದುಂಟು. ಇವು ಚಿಕ್ಕಮಗಳೂರು, ಉಡುಪಿ, ಶಿವಮೊಗ್ಗ, ದಕ್ಷಿಣ ಕನ್ನಡ ಜಿಲ್ಲೆಗಳ ಬೇರೆ ಬೇರೆ ನ್ಯಾಯಾಲಯಗಳಲ್ಲಿ, ಕೆಲವು ಕೇರಳದಲ್ಲಿ ಹಂಚಿಹೋಗಿರುತ್ತವೆ. ಪ್ರತಿ ಪ್ರಕರಣಕ್ಕೂ ಪ್ರತ್ಯೇಕವಾಗಿ ಹಾಜರುಪಡಿಸಬೇಕು, ಪ್ರತ್ಯೇಕ ಜಾಮೀನು ಪಡೆಯಬೇಕು. ಸಾಕ್ಷಿಗಳಲ್ಲಿ ಕೆಲವರು ತೀರಿಕೊಂಡಿದ್ದಾರೆ, ಕೆಲವರು ಊರು ಬಿಟ್ಟಿದ್ದಾರೆ.

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 479ನೇ ಪ್ರಕರಣವು ದೀರ್ಘಕಾಲ ಬಂಧನದಲ್ಲಿರುವ ವಿಚಾರಣಾಧೀನ ಕೈದಿಗಳಿಗೆ ಬಿಡುಗಡೆಯ ಅವಕಾಶ ಕಲ್ಪಿಸಿದೆ. ಗರಿಷ್ಠ ಶಿಕ್ಷೆಯ ಅರ್ಧದಷ್ಟು ಅವಧಿಯನ್ನು, ಮೊದಲ ಬಾರಿಯ ಆರೋಪಿಯಾದರೆ ಮೂರನೇ ಒಂದರಷ್ಟನ್ನು ಕಳೆದವರು ಇದರ ಪ್ರಯೋಜನ ಪಡೆಯಬಹುದು. ಆದರೆ ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆಗೆ ಗುರಿಯಾಗಬಹುದಾದ ಅಪರಾಧಗಳಿಗೆ ಇದು ಅನ್ವಯಿಸುವುದಿಲ್ಲ; ಒಂದಕ್ಕಿಂತ ಹೆಚ್ಚು ಪ್ರಕರಣಗಳು ಬಾಕಿಯಿರುವವರಿಗೂ ಅನ್ವಯಿಸುವುದಿಲ್ಲ. ಹೀಗಾಗಿ ತಾವಾಗಿಯೇ ಬಂದು ಶರಣಾದವರೇ ಈ ಸೌಲಭ್ಯದಿಂದ ಹೊರಗುಳಿಯುತ್ತಾರೆ. 2017ರ ಜೂನ್‌ನಲ್ಲಿ ಶರಣಾದ ಮಹಿಳೆಯೊಬ್ಬರು ತಮ್ಮ ಎಳೆಯ ಮಗುವಿನೊಂದಿಗೆ ಕಾರಾಗೃಹ ಸೇರಿ, ಹಲವು ವರ್ಷಗಳನ್ನು ವಿಚಾರಣಾಧೀನರಾಗಿಯೇ ಕಳೆಯಬೇಕಾಯಿತು. ಕಾರಾಗೃಹದೊಳಗಿರುವವರಿಗೆ ವೃತ್ತಿ ತರಬೇತಿಯಾಗಲಿ ಕೃಷಿಗೆಂದು ನೀಡಿದ ಹಣವಾಗಲಿ ಯಾವ ಉಪಯೋಗಕ್ಕೆ ಬಂದೀತು?

ಇದಕ್ಕೆ ಕಾನೂನಿನೊಳಗೆ ಪರಿಹಾರವಿಲ್ಲವೆಂದಲ್ಲ. ಪ್ರಕರಣಗಳನ್ನು ವಿಶೇಷ ನ್ಯಾಯಾಲಯದಲ್ಲಿ ಒಟ್ಟುಗೂಡಿಸಿ ತ್ವರಿತವಾಗಿ ವಿಚಾರಣೆ ನಡೆಸಬೇಕೆಂಬುದು 2025ರಲ್ಲಿ ಶರಣಾದವರ ಪ್ರಮುಖ ಬೇಡಿಕೆಗಳಲ್ಲಿ ಒಂದಾಗಿತ್ತು. ಗಂಭೀರವಲ್ಲದ ಪ್ರಕರಣಗಳನ್ನು ಸಂಹಿತೆಯ 360ನೇ ಪ್ರಕರಣದಡಿ ನ್ಯಾಯಾಲಯದ ಒಪ್ಪಿಗೆ ಪಡೆದು ಹಿಂಪಡೆಯಲು ಸರ್ಕಾರಿ ಅಭಿಯೋಜಕರಿಗೆ ಅಧಿಕಾರವಿದೆ. ಕೊಲೆ ಪ್ರಕರಣಗಳು ಈ ಸಾಲಿಗೆ ಸೇರುವುದಿಲ್ಲ, ಸೇರಕೂಡದು. ಆದರೆ ಕರಪತ್ರದ ಪ್ರಕರಣವೂ ಕೊಲೆಯ ಪ್ರಕರಣವೂ ಒಂದೇ ನಿಧಾನದಲ್ಲಿ ಸಾಗಿದರೆ ತಪ್ಪಿತಸ್ಥನಿಗೂ ನಿರಪರಾಧಿಗೂ ದೊರೆಯುವ ಶಿಕ್ಷೆ ಒಂದೇ ಆಗಿಬಿಡುತ್ತದೆ.

ಈ ವಿಷಯದಲ್ಲಿ ಅರ್ಧ ಶತಮಾನದ ಹಿಂದಿನ ಚಂಬಲ್ ಕಣಿವೆಯ ಅನುಭವ ಸ್ಮರಣಾರ್ಹ. ಅಲ್ಲಿನವರು ಡಕಾಯಿತರು, ಸೈದ್ಧಾಂತಿಕ ಉಗ್ರವಾದಿಗಳಲ್ಲ. ಆ ವ್ಯತ್ಯಾಸ ಸಣ್ಣದಲ್ಲ. ಆದಾಗ್ಯೂ 1972ರ ಏಪ್ರಿಲ್‌ನಲ್ಲಿ ಮಧ್ಯಪ್ರದೇಶದ ಮೊರೇನಾ ಜಿಲ್ಲೆಯ ಜೌರಾದಲ್ಲಿ ಜಯಪ್ರಕಾಶ ನಾರಾಯಣರ ಸಮ್ಮುಖದಲ್ಲಿ ಅವರು ಬಂದೂಕು ಕೆಳಗಿಟ್ಟಾಗ ಮುಂದೇನೆಂಬುದು ಮೊದಲೇ ನಿಶ್ಚಿತವಾಗಿತ್ತು: ವಿಚಾರಣೆ ನಡೆಯುತ್ತದೆ, ಶಿಕ್ಷೆಯಾಗುತ್ತದೆ, ಗಲ್ಲು ಇರುವುದಿಲ್ಲ. ಮುಂಗಾವಲಿಯಲ್ಲಿ ಅವರಿಗೆಂದೇ ತೆರೆದ ಬಂದೀಖಾನೆ ಆರಂಭವಾಯಿತು. ಬೇಸಾಯ ಮಾಡುತ್ತ ಶಿಕ್ಷೆ ಅನುಭವಿಸಲು ಅಲ್ಲಿ ಅವಕಾಶವಿತ್ತು. ಆ ಶರಣಾಗತಿ ನಡೆದ ಆಶ್ರಮವನ್ನು ಕಟ್ಟಿ ಕಣಿವೆಯ ಹಳ್ಳಿಗಳಲ್ಲಿ ವರ್ಷಗಟ್ಟಲೆ ವಿಶ್ವಾಸ ಗಳಿಸಿದವರು ಬೆಂಗಳೂರಿನಲ್ಲಿ ಜನಿಸಿದ ಎಸ್.ಎನ್. ಸುಬ್ಬರಾವ್. ಶರಣಾದವನಿಗೆ ತನ್ನ ಶಿಕ್ಷೆಯ ಅಳತೆ ತಿಳಿದಿತ್ತು ಎಂಬುದೇ ಆ ಪ್ರಯೋಗದ ಬಲ. ಮಲೆನಾಡಿನಲ್ಲಿ ಶರಣಾದವರಿಗೆ ಆ ಅಳತೆ ದೊರೆತಿಲ್ಲ.

ಗ್ರಾಮಗಳ ಸ್ಥಿತಿ

ಮರಳಿ ಬರುವವರು ಎಲ್ಲಿಗೆ ಮರಳುತ್ತಾರೆ ಎಂಬುದೂ ಅಷ್ಟೇ ಮುಖ್ಯ. ನಕ್ಸಲ್ ಪೀಡಿತ ಪ್ರದೇಶವೆಂಬ ಹೆಸರಿನಲ್ಲಿ ಈ ಗ್ರಾಮಗಳಿಗೆ ವಿಶೇಷ ಅನುದಾನ ಹರಿದು ರಸ್ತೆ, ಕಿರುಸೇತುವೆಗಳಾದವು. ಕೆಲವೆಡೆ ಮಳೆಗಾಲದಲ್ಲಿ ಇಂದಿಗೂ ಕಾಲುಸಂಕವೇ ಗತಿ. ಪೀಡಿತವೆಂಬ ಹಣೆಪಟ್ಟಿ ಅಳಿಸಿದ ಮೇಲೆ ಅವು ರಾಜ್ಯದ ಅಸಂಖ್ಯ ಕುಗ್ರಾಮಗಳ ಪೈಕಿ ಒಂದಾಗುತ್ತವೆ. ಕಾಡಿನಲ್ಲಿ ಬಂದೂಕು ಇದ್ದಾಗ ದೊರೆತ ಗಮನವು ಬಂದೂಕು ಹೋದಾಗ ಇಲ್ಲವಾದರೆ, ಅದರಿಂದ ಯುವಜನರು ಕಲಿಯುವ ಪಾಠ ಯಾವುದೆಂದು ಆಡಳಿತ ಯೋಚಿಸಬೇಕಾಗಿದೆ.

ಅನುದಾನಕ್ಕಿಂತ ಮೂಲಭೂತವಾದುದು ಹಕ್ಕುಪತ್ರ. ಅರಣ್ಯ ಹಕ್ಕು ಕಾಯ್ದೆ 2006ರಲ್ಲಿ ಅಂಗೀಕಾರವಾಯಿತು. 2005ರ ಡಿಸೆಂಬರ್ 13ಕ್ಕೆ ಮೊದಲಿನಿಂದ ಅರಣ್ಯಭೂಮಿಯಲ್ಲಿ ವಾಸವಾಗಿ ಸಾಗುವಳಿ ಮಾಡುತ್ತಿದ್ದ ಪರಿಶಿಷ್ಟ ಪಂಗಡದವರಿಗೆ ಗರಿಷ್ಠ ನಾಲ್ಕು ಹೆಕ್ಟೇರ್‌ವರೆಗೆ ಹಕ್ಕು ಮಾನ್ಯವಾಗುತ್ತದೆ. ಇತರ ಪಾರಂಪರಿಕ ಅರಣ್ಯವಾಸಿಗಳು ಮೂರು ತಲೆಮಾರಿನ, ಅಂದರೆ 75 ವರ್ಷಗಳ ವಾಸವನ್ನು ಸಾಬೀತುಪಡಿಸಬೇಕು. ದಾಖಲೆಯೇ ಇಲ್ಲದ ಕಾಡಿನಲ್ಲಿ 75 ವರ್ಷಗಳ ದಾಖಲೆ ತರುವುದು ಎಷ್ಟು ಕಷ್ಟವೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಕ್ಕು ನಿರ್ಣಯದ ಪ್ರಕ್ರಿಯೆ ಪೂರ್ಣಗೊಳ್ಳುವವರೆಗೆ ಯಾರನ್ನೂ ಒಕ್ಕಲೆಬ್ಬಿಸುವಂತಿಲ್ಲವೆಂದು ಅದೇ ಕಾಯ್ದೆ ಸ್ಪಷ್ಟಪಡಿಸಿದೆ. ಇಂತಹ ಕಾನೂನು 2001ರಲ್ಲಿಯೇ ಇದ್ದಿದ್ದರೆ ಮಲೆನಾಡಿನ ಇತಿಹಾಸ ಬೇರೆಯಾಗುತ್ತಿತ್ತೇ ಎಂಬ ಪ್ರಶ್ನೆ ಕೇವಲ ಊಹೆಯದ್ದಾದರೂ ನಿರರ್ಥಕವಲ್ಲ.

ಹಿಂಸೆಗೆ ಬಲಿಯಾದವರ ಕುಟುಂಬಗಳ ಪ್ರಶ್ನೆ ಇನ್ನೂ ಸೂಕ್ಷ್ಮವಾದುದು. ಶರಣಾದವರಿಗೆ ಲಕ್ಷಾಂತರ ರೂಪಾಯಿ ನೆರವು ಘೋಷಣೆಯಾದಾಗ, ತಂದೆಯನ್ನೋ ಪತಿಯನ್ನೋ ಕಳೆದುಕೊಂಡ ಮನೆಯಲ್ಲಿ ಏಳುವ ಪ್ರಶ್ನೆಗೆ ನೀತಿಯ ಯಾವ ಕಂಡಿಕೆಯಲ್ಲೂ ಉತ್ತರವಿಲ್ಲ. ಹಾಗೆಯೇ ಎನ್‌ಕೌಂಟರ್‌ಗಳಲ್ಲಿ ಮಡಿದವರ ಮನೆಗಳಲ್ಲೂ ಪ್ರಶ್ನೆಗಳಿವೆ. ವಿಕ್ರಂ ಗೌಡ ಅವರ ಸಾವಿನ ಕುರಿತು ನಿಷ್ಪಕ್ಷಪಾತ ತನಿಖೆಯಾಗಬೇಕೆಂಬುದು ಶರಣಾದವರ ಬೇಡಿಕೆಗಳಲ್ಲಿ ಸೇರಿತ್ತು. ಹಣದ ನೆರವನ್ನು ವ್ಯಕ್ತಿಗೆ ಮಾತ್ರ ನೀಡದೆ, ಅದೇ ಹೊತ್ತಿಗೆ ಗ್ರಾಮಕ್ಕೂ ಸಂತ್ರಸ್ತ ಕುಟುಂಬಗಳಿಗೂ ಏನನ್ನಾದರೂ ತಲುಪಿಸುವ ವಿಧಾನವನ್ನು ನೀತಿಯಲ್ಲಿ ಅಳವಡಿಸುವುದು ಉಚಿತ. ಇಲ್ಲವಾದಲ್ಲಿ ಮರಳಿ ಬಂದವರು ನೆರೆಹೊರೆಯವರ ಕಣ್ಣಿನಲ್ಲಿ ಬಹುಮಾನ ಪಡೆದವರಾಗಿಯೇ ಉಳಿಯುತ್ತಾರೆ.

ತಡೆಗಟ್ಟುವಿಕೆ

ಉಗ್ರವಾದವನ್ನು ತಡೆಯುವ ಹೆಸರಿನಲ್ಲಿ ಕೈಗೊಂಡ ಕ್ರಮವೇ ಉಗ್ರವಾದಕ್ಕೆ ಇಂಬು ನೀಡುವ ಅಪಾಯವೂ ಇದೆ. 2012ರ ಮಾರ್ಚ್‌ನಲ್ಲಿ ಬೆಳ್ತಂಗಡಿ ತಾಲ್ಲೂಕಿನ ಮಲೆಕುಡಿಯ ಸಮುದಾಯದ ಪತ್ರಿಕೋದ್ಯಮ ವಿದ್ಯಾರ್ಥಿಯೊಬ್ಬರನ್ನೂ ಅವರ ತಂದೆಯನ್ನೂ ನಕ್ಸಲ್ ನಂಟಿನ ಆರೋಪದ ಮೇಲೆ ಬಂಧಿಸಲಾಯಿತು. ವಶಪಡಿಸಿಕೊಂಡ ವಸ್ತುಗಳಲ್ಲಿ ಭಗತ್ ಸಿಂಗ್ ಕುರಿತ ಪುಸ್ತಕವಿತ್ತು. ವಿದ್ಯಾರ್ಥಿಯು ಕೋಳ ತೊಟ್ಟು ಪರೀಕ್ಷೆಗೆ ಬರಬೇಕಾಯಿತು. ಒಂಬತ್ತೂವರೆ ವರ್ಷಗಳ ತರುವಾಯ, 2021ರ ಅಕ್ಟೋಬರ್‌ನಲ್ಲಿ, ಮಂಗಳೂರಿನ ನ್ಯಾಯಾಲಯವು ಆರೋಪ ಸಾಬೀತಾಗಿಲ್ಲವೆಂದು ಇಬ್ಬರನ್ನೂ ಖುಲಾಸೆಗೊಳಿಸಿತು. ಆ ಹೊತ್ತಿಗೆ ಆ ವಿದ್ಯಾರ್ಥಿ ಪತ್ರಕರ್ತರಾಗಿ ನೆಲೆ ಕಂಡಿದ್ದರು. ವಿದ್ಯೆಯ ಮೂಲಕವೇ ಹೊರಜಗತ್ತಿಗೆ ಬಂದ ಯುವಕನನ್ನು ಶಂಕಿತನೆಂದು ಕಂಡ ವ್ಯವಸ್ಥೆಯ ಬಗ್ಗೆ ಅವರು ಕಹಿಯನ್ನೇ ಆಯ್ದುಕೊಳ್ಳಬಹುದಿತ್ತು. ಅವರು ಹಾಗೆ ಮಾಡಲಿಲ್ಲವೆಂಬುದು ಅವರ ಗುಣ. ಅದು ವ್ಯವಸ್ಥೆಯ ಸಾಧನೆಯಲ್ಲ.

ಇತ್ತ ಕರಾವಳಿಯಲ್ಲಿ ಹಿಂಸೆಯ ಇನ್ನೊಂದು ಮುಖ ಕಾಣಿಸಿಕೊಂಡಿದೆ. 2025ರ ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ದಕ್ಷಿಣ ಕನ್ನಡದಲ್ಲಿ ನಡೆದ ಸರಣಿ ಕೊಲೆಗಳ ಬಳಿಕ, ಕೋಮು ಹಿಂಸೆಯನ್ನು ಹತ್ತಿಕ್ಕಲು ದಕ್ಷಿಣ ಕನ್ನಡ, ಉಡುಪಿ ಮತ್ತು ಶಿವಮೊಗ್ಗ ಜಿಲ್ಲೆಗಳಿಗಾಗಿ ವಿಶೇಷ ಕಾರ್ಯಪಡೆ ರಚನೆಯಾಯಿತು. ಅದರ 248 ಸಿಬ್ಬಂದಿಯನ್ನು ನಕ್ಸಲ್ ನಿಗ್ರಹ ಪಡೆಯಿಂದಲೇ ಆಯ್ದುಕೊಳ್ಳಲಾಯಿತು. ಒಂದು ಬಗೆಯ ಉಗ್ರವಾದಕ್ಕೆಂದು ತರಬೇತಾದವರು ಇನ್ನೊಂದು ಬಗೆಯದಕ್ಕೆ ನಿಯುಕ್ತರಾದರು. ಆದರೆ ಕೋಮುದ್ವೇಷಕ್ಕೆ ಸಿಲುಕಿದ ಪೇಟೆಯ ಹುಡುಗನಿಗೆ ಶರಣಾಗತಿ ನೀತಿಯಾಗಲಿ, ಮಧ್ಯಸ್ಥಿಕೆ ಸಮಿತಿಯಾಗಲಿ, ಮರಳಿ ಬರಲು ಗುರುತಾದ ಬಾಗಿಲಾಗಲಿ ಇಲ್ಲ. ಈ ಅಂತರ ಗಮನಾರ್ಹ.

ರಾಷ್ಟ್ರಮಟ್ಟದಲ್ಲಿ ಈ ಪ್ರಶ್ನೆಗಳ ಗಾತ್ರ ಬಹಳ ದೊಡ್ಡದು. 2025ರ ಅಕ್ಟೋಬರ್ ಒಂದೇ ತಿಂಗಳಿನಲ್ಲಿ ಮಹಾರಾಷ್ಟ್ರದ ಗಡಚಿರೋಲಿಯಲ್ಲಿ ಮಲ್ಲೋಜುಲ ವೇಣುಗೋಪಾಲ ರಾವ್ ಮತ್ತು ಅವರ 60 ಸಂಗಡಿಗರು, ಛತ್ತೀಸಗಢದ ಜಗದಲ್‌ಪುರದಲ್ಲಿ 210 ಮಂದಿ ಶಸ್ತ್ರ ತ್ಯಜಿಸಿದರು. ಬಸ್ತರಿನ ಆ ನೂರಾರು ಮಂದಿಗೆ ಎದುರಾಗಲಿರುವ ನ್ಯಾಯಾಲಯ, ಜಮೀನು, ನೆರೆಹೊರೆಗಳ ತೊಡಕುಗಳೆಲ್ಲ ಕರ್ನಾಟಕದ ಎಂಟು ಮಂದಿಯ ಕಡತಗಳಲ್ಲಿ ಸಣ್ಣ ಪ್ರಮಾಣದಲ್ಲಿ ಈಗಾಗಲೇ ಇವೆ. ಎಂಟು ಕಡತಗಳನ್ನು ಕಾಲಮಿತಿಯಲ್ಲಿ ಇತ್ಯರ್ಥಪಡಿಸುವುದು ಒಂದು ರಾಜ್ಯದ ಶಕ್ತಿಗೆ ಮೀರಿದ ಕಾರ್ಯವಲ್ಲ.

ಮಲೆನಾಡಿನ ಅರಣ್ಯವಾಸಿಗಳ ಅವಗಾಹನೆಗಾಗಿ ಒಂದು ಮಾತು. ಅರಣ್ಯ ಹಕ್ಕಿನ ಅರ್ಜಿಯ ಕುರಿತು ಗ್ರಾಮಸಭೆ ಕೈಗೊಂಡ ನಿರ್ಣಯದಿಂದ ಬಾಧಿತರಾದವರು 60 ದಿನಗಳೊಳಗೆ ಉಪವಿಭಾಗ ಮಟ್ಟದ ಸಮಿತಿಗೆ, ಆ ಸಮಿತಿಯ ತೀರ್ಮಾನದಿಂದ ಬಾಧಿತರಾದವರು ಮತ್ತೆ 60 ದಿನಗಳೊಳಗೆ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಜಿಲ್ಲಾ ಮಟ್ಟದ ಸಮಿತಿಗೆ ಮನವಿ ಸಲ್ಲಿಸಬಹುದಾಗಿದೆ. ಅರ್ಜಿದಾರರ ಅಹವಾಲು ಆಲಿಸದೆ ಅವರ ವಿರುದ್ಧ ತೀರ್ಮಾನ ಕೈಗೊಳ್ಳುವಂತಿಲ್ಲ.